ಮೊದಲ ಹನ್ನೆರಡು ನಿಮಿಷ

ಕೆಲಸದ ಮಾತಿಗೆ ಇಬ್ಬರು ಎದುರುಬದುರು ಕೂರಬೇಕೋ, ತೆರೆಯ ಮೇಲೆ ಮುಖ ನೋಡಿಕೊಂಡರೆ ಸಾಕೋ ಎಂಬುದನ್ನು ಒಂದು ಯಂತ್ರ ತೀರ್ಮಾನಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಡೀಸೆಲ್ ಉಳಿಯುತ್ತದೆ ಎಂದು ನಾನು ಮೂರು ವರ್ಷ ಹೇಳಿಕೊಂಡು ತಿರುಗಿದೆ. ಹಾಗೆ ಹೇಳಿದ್ದಕ್ಕೆ ನನಗೊಂದು ಪ್ರಶಸ್ತಿ ಫಲಕವೂ ಬಂದಿತ್ತು. ಫಕ್ಕೀರೇಶ ಹಡಗಲಿ ಎಂಬ ಮನುಷ್ಯ ನನಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತು ನಲವತ್ತೊಂದು ಕಿಲೋಮೀಟರು ದಾಟಿ ನನ್ನ ತನಕ ಬರಲಾರದೆ ಹೋಯಿತು. ಅದರಿಂದ ಅವನ ಜೀವ ಹೋಯಿತು. ತಪ್ಪು ಯಾರದೆಂದು ಕೊನೆಯವರೆಗೆ ಮುಚ್ಚಿಟ್ಟುಕೊಳ್ಳುವ ಜಾಣತನ ನನಗೆ ಬೇಡ, ಈಗಲೇ ಹೇಳಿಬಿಡುತ್ತೇನೆ. ಯಂತ್ರದ್ದು ಕಾಲು ಭಾಗ, ಮುಕ್ಕಾಲು ನನ್ನದು.

ನನ್ನ ಹೆಸರು ಕಸ್ತೂರಿ ಮುದೇನೂರ. ಗಾಳಿಗುಡ್ಡ ವಿದ್ಯುತ್ ಕಂಪನಿಯ ಗದಗಿನ ನಿಯಂತ್ರಣ ಕೊಠಡಿಗೆ ಮುಖ್ಯಸ್ಥೆ. ಕರಡಿಕೊಳ್ಳದ ಗುಡ್ಡಸಾಲಿನ ಮೇಲೆ ನಮ್ಮವು ಅರವತ್ತೆರಡು ಗಾಳಿಯಂತ್ರಗಳಿವೆ. ಒಂದೊಂದು ಕಂಬ ನೂರಿಪ್ಪತ್ತು ಮೀಟರು ಎತ್ತರ, ಒಂದೊಂದು ರೆಕ್ಕೆ ಅರವತ್ತು ಮೀಟರು ಉದ್ದ. ಅವುಗಳ ವೇಗ, ಬಿಸಿ, ನಡುಕ ಎಲ್ಲವೂ ಅಂಕಿಗಳಾಗಿ ನನ್ನ ಕೊಠಡಿಯ ಗೋಡೆಯ ಮೇಲೆ ಮೂಡುತ್ತವೆ. ಯಾವುದು ತಿರುಗಬೇಕು, ಯಾವುದು ನಿಲ್ಲಬೇಕು ಎನ್ನುವುದು ನನ್ನ ಅಪ್ಪಣೆ. ಗುಡ್ಡದ ಮೇಲಿನವರು ಸಣ್ಣಪುಟ್ಟ ದುರಸ್ತಿಗೆಂದು ಒಂದು ಯಂತ್ರವನ್ನು ತಿಂಗಳಿಗೆ ನಲವತ್ತು ನಿಮಿಷ ನಿಲ್ಲಿಸಬಹುದು, ಅದರ ಮೇಲೆ ಒಂದು ನಿಮಿಷ ಬೇಕಿದ್ದರೂ ನನ್ನನ್ನು ಕೇಳಬೇಕು.

ಗುಡ್ಡದ ಮೇಲಿನ ಮೆಕ್ಯಾನಿಕ್‌ಗಳಿಗೆಲ್ಲ ಹಿರಿಯ ಫಕ್ಕೀರೇಶ. ಇಪ್ಪತ್ತೆರಡು ವರ್ಷದ ಸರ್ವೀಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ವರ್ಷ ಗದಗಿನಲ್ಲಿ ನಮ್ಮ ಮನೆಯ ಹಿಂದಿನ ಖೋಲಿಯಲ್ಲೇ ಬಾಡಿಗೆಗಿದ್ದ. ನಮ್ಮವ್ವ ಶಿವಗಂಗವ್ವ ದಿನಾ ಬೆಳಿಗ್ಗೆ ಅವನ ಡಬ್ಬಿಗೆ ಎರಡು ರೊಟ್ಟಿ, ಒಂದು ಪಲ್ಯ ಹಾಕಿ ಕಳಿಸುತ್ತಿದ್ದಳು. ನನ್ನ ಡಬ್ಬಿಗಿಂತ ಮೊದಲು ಅವನ ಡಬ್ಬಿ ತುಂಬುತ್ತಿತ್ತು, ಅದಕ್ಕೆ ನಾನು ಅವ್ವನ ಜೊತೆ ಜಗಳ ತೆಗೆದದ್ದೂ ಉಂಟು.

ಆಮೇಲೆ ಅವನು ಮದುವೆಯಾಗಿ ಗುಡ್ಡದ ಬುಡದ ಹಳ್ಳಿಯಲ್ಲಿ ಮನೆ ಮಾಡಿದ. ಆದರೂ ಪ್ರತಿ ಶುಕ್ರವಾರ ವಾರದ ಮೀಟಿಂಗಿಗೆ ಕಂಪನಿಯ ಜೀಪಿನಲ್ಲಿ ಗದಗಿಗೆ ಬರುತ್ತಿದ್ದ. ಬಂದವನು ಕೂಡಲೇ ಕೆಲಸದ ಮಾತು ಎತ್ತುತ್ತಿರಲಿಲ್ಲ. ಚಹಾ ಬರಬೇಕು, ಅವ್ವ ಅರಾಮ ಇದ್ದಾಳಾ ಎಂದು ಕೇಳಬೇಕು, ಮೊಳಕಾಲು ನೋವು ಈಗ ಹೇಗಿದೆ ಎಂದು ಕೇಳಬೇಕು, ಜೀಪಿನ ಚಾಲಕನಿಗೆ ಎರಡು ಬೈಗುಳ ಹಾಕಬೇಕು. ಅದರ ನಡುವೆ ಎಲ್ಲೋ, ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, ಹದಿನೇಳನೆಯದು ಯಾಕೋ ನರಳಾಕತ್ತೈತ್ರಿ ಬಾಯೋರ, ಎನ್ನುತ್ತಿದ್ದ. ಅಷ್ಟೇ. ಮುಂದೆ ಮೀಟಿಂಗು ಶುರುವಾಗುತ್ತಿತ್ತು, ಅಂಕಿಗಳ ಪ್ರಕಾರ ಎಲ್ಲ ಯಂತ್ರಗಳೂ ಕ್ಷೇಮ ಎಂದು ಎಲ್ಲರೂ ತಲೆಯಾಡಿಸುತ್ತಿದ್ದೆವು. ಮೀಟಿಂಗು ಮುಗಿದ ಮೇಲೆ ನಾನು ಹದಿನೇಳನ್ನು ಎರಡು ದಿನ ನಿಲ್ಲಿಸುತ್ತಿದ್ದೆ. ಬಿಚ್ಚಿ ನೋಡಿದರೆ ಏನಾದರೊಂದು ಸಿಕ್ಕೇ ಸಿಗುತ್ತಿತ್ತು, ಸಡಿಲಾದ ನಟ್ಟೋ, ಸವೆದ ಬೇರಿಂಗೋ.

ಆದರೆ ದಾಖಲೆಯಲ್ಲಿ ನಾನು ಹಾಗೆ ಬರೆಯುತ್ತಿರಲಿಲ್ಲ. ಎರಡು ದಿನದ ಕರೆಂಟು ಕಳೆದುಕೊಂಡದ್ದು ಯಾಕೆ ಎಂದು ಮುಖ್ಯ ಕಚೇರಿಯವರು ಕೇಳಿದರೆ, ಮೆಕ್ಯಾನಿಕ್‌ನ ಕಿವಿಗೆ ನರಳಿದಂತೆ ಕೇಳಿಸಿತು ಎಂದು ಹೇಳಲಾದೀತೆ? ನಕ್ಕುಬಿಟ್ಟಾರು. ಅದಕ್ಕೇ ಪ್ರತಿಸಲವೂ 'ನಿಗದಿತ ನಿರ್ವಹಣೆ' ಎಂದು ಬರೆದು ಸಹಿ ಹಾಕುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು. ಹಂಗ ಬರೀರಿ ಬಾಯೋರ, ಯಾರಿಗೂ ತ್ರಾಸಿಲ್ಲ ಎಂದು ಅವನೇ ಹೇಳಿದ್ದ. ಐದು ವರ್ಷದಲ್ಲಿ ಹದಿನಾಲ್ಕು ಸಲ ಹೀಗೆ ಮಾಡಿದೆವು, ಒಂದು ಸಲವೂ ಅವನ ಹೆಸರು ಕಾಗದದ ಮೇಲೆ ಬರಲಿಲ್ಲ.

ಆಮೇಲೆ ಆ ಕಾಯಿದೆ ಬಂತು. ಕೆಲಸದ ಸಲುವಾಗಿ ಯಾರು ಎಲ್ಲಿಗೆ ಹೋದರೂ ಹೋದದ್ದು ಯಾಕೆ ಅವಶ್ಯ ಎಂದು ಕಂಪನಿ ರುಜುವಾತು ಮಾಡಬೇಕು, ಇಲ್ಲವಾದರೆ ಇಂಧನದ ಪಾಲು ಕಡಿತ. ಎಲ್ಲ ಕಂಪನಿಗಳೂ ಒಂದೊಂದು ಉಪಾಯ ಹುಡುಕಿದವು. ನಮ್ಮ ಮುಖ್ಯ ಕಚೇರಿಯವರು ಚಿನ್ಮಯ್ ಎಂಬ ಹುಡುಗನನ್ನು ಕಳಿಸಿದರು. ಚುರುಕಾದವನು, ಒಳ್ಳೆಯವನೂ ಹೌದು, ಅದನ್ನು ಅಲ್ಲಗಳೆಯುವುದಿಲ್ಲ. ಅವನ ಯೋಜನೆಯ ಹೆಸರು 'ಭೇಟಿ ನಿರ್ಣಾಯಕ'. ಐದು ವರ್ಷದ ಎಲ್ಲ ಮೀಟಿಂಗುಗಳ ಧ್ವನಿಮುದ್ರಣವನ್ನು ಅದಕ್ಕೆ ಕೇಳಿಸುವುದು. ಯಾವ ಮೀಟಿಂಗಿನಲ್ಲಿ ಆಡಿದ ಯಾವ ಮಾತಿನಿಂದ ಯಾವ ನಿರ್ಧಾರ ಬದಲಾಯಿತು ಎಂಬುದನ್ನು ದಾಖಲೆಗಳ ಜೊತೆ ತಾಳೆ ಹಾಕಿ ಅದು ಕಲಿಯುತ್ತದೆ. ಮುಂದೆ ಯಾರಾದರೂ ಖುದ್ದು ಭೇಟಿಗೆ ಅರ್ಜಿ ಹಾಕಿದರೆ, ಖುದ್ದು ಹೋದರೆ ಎಷ್ಟು ಹೆಚ್ಚಿನ ಲಾಭ ಎಂದು ನೂರಕ್ಕೆ ಒಂದು ಅಂಕ ಕೊಡುತ್ತದೆ. ಅರವತ್ತರ ಮೇಲಾದರೆ ವಾಹನ, ಕೆಳಗಾದರೆ ತೆರೆ.

ಧ್ವನಿಮುದ್ರಣಗಳಲ್ಲಿ ಯಾವುದು ಕೆಲಸದ ಮಾತು, ಯಾವುದು ಹರಟೆ ಎಂದು ಮೊದಲು ಮನುಷ್ಯರೇ ಗುರುತು ಹಾಕಿಕೊಡಬೇಕಿತ್ತು. ನಮ್ಮ ವಿಭಾಗದ ಮಟ್ಟಿಗೆ ಆ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರದ ಮೀಟಿಂಗುಗಳಲ್ಲಿ ಸರಾಸರಿ ಮೊದಲ ಹನ್ನೆರಡು ನಿಮಿಷ ಬರೀ ಚಹಾ, ಮೊಳಕಾಲು, ಬೈಗುಳ. ಇದನ್ನು ಸಾರಾಸಗಟಾಗಿ ಕತ್ತರಿಸಿಬಿಡೋಣವೇ, ಇದರೊಳಗೆ ಉಪಯೋಗದ್ದು ಏನಾದರೂ ಇದೆಯೇ ಎಂದು ಚಿನ್ಮಯ್ ನನ್ನನ್ನು ಕೇಳಿದ. ಅವನು ಎರಡು ಸಲ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಇದೆ ಎಂದರೆ ಹದಿನಾಲ್ಕು ಸುಳ್ಳು ಸಹಿಗಳನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಏನೂ ಇಲ್ಲ, ಕತ್ತರಿಸು ಎಂದೆ.

ಯಂತ್ರ ಕಲಿಯಿತು. ನಾವು ಕಲಿಸಿದ್ದನ್ನೇ ಕಲಿಯಿತು. ಫಕ್ಕೀರೇಶ ಎಂಬವನು ಐದು ವರ್ಷ ವಾರವಾರವೂ ಎಂಬತ್ತೆರಡು ಕಿಲೋಮೀಟರು ಓಡಾಡಿದ್ದರಿಂದ ಕಂಪನಿಗೆ ಆದ ಲಾಭ ನೂರಕ್ಕೆ ಎಂಟು ಎಂದು ಅದು ಲೆಕ್ಕ ಕಟ್ಟಿತು. ಅವನ ಶುಕ್ರವಾರದ ಪ್ರಯಾಣ ನಿಂತಿತು.

ಜನ ಅದಕ್ಕೆ ಜೋಯಿಸ ಎಂದು ಹೆಸರಿಟ್ಟರು. ಯಾವಾಗ ಕೇಳಿದರೂ ಮುಹೂರ್ತ ಕೂಡಿಬಂದಿಲ್ಲ ಅನ್ನುತ್ತಿತ್ತಲ್ಲ, ಅದಕ್ಕೆ. ಮೊದಮೊದಲು ಗೊಣಗಿದರು, ಆಮೇಲೆ ಹೊಂದಿಕೊಂಡರು. ಉಗ್ರಾಣದ ಚೆನ್ನಬಸಪ್ಪ ಮಗಳ ಮದುವೆಯ ಕರೆಯೋಲೆಯನ್ನು ಕ್ಯಾಮೆರಾದ ಮುಂದೆ ಹಿಡಿದು ಎಲ್ಲರನ್ನೂ ಕರೆದ, ಅವನ ಹೆಂಡತಿ ಪಕ್ಕದಲ್ಲಿ ನಿಂತು ತೆರೆಗೆ ಅಕ್ಷತೆ ಹಾಕಿದಳು. ಮೂವತ್ತೈದು ವರ್ಷ ದುಡಿದ ಎಲೆಕ್ಟ್ರಿಷಿಯನ್ ಒಬ್ಬನ ಬೀಳ್ಕೊಡುಗೆಗೆ ಶಾಲು ಕೊರಿಯರ್‌ನಲ್ಲಿ ಹೋಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಅವನು ತನ್ನ ಶಾಲನ್ನು ತಾನೇ ಹೊದ್ದುಕೊಂಡು ಕೈಮುಗಿದ. ಹೊದ್ದುಕೊಳ್ಳುವಾಗ ಒಂದು ತುದಿ ಜಾರಿತು, ಸರಿಪಡಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನನಗೆ ಆಗ ನಗು ಬಂದಿತ್ತು. ಈಗ ನೆನೆದರೆ ನನ್ನ ಮೋರೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೂರನೆಯ ವರ್ಷದ ಆಷಾಢದಲ್ಲಿ ನಮ್ಮವ್ವ ತೀರಿಕೊಂಡಳು. ಮಲಗಿದಲ್ಲೇ ಹೋದಳು, ಎಂಬತ್ತೊಂದು ವರ್ಷ. ಪುಣ್ಯದ ಸಾವು ಎಂದು ಎಲ್ಲರೂ ಅಂದರು. ಪುಣ್ಯದ ಸಾವಾದರೂ ಮನೆ ಬರಿದಾಗುವುದು ತಪ್ಪುತ್ತದೆಯೇ?

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋಗುತ್ತಾರೆ. ಅದಕ್ಕೆ ಕರೆ ಇಲ್ಲ, ಹೊತ್ತುಗೊತ್ತಿಲ್ಲ. ಹೋಗಿ ಚಾಪೆಯ ಮೇಲೆ ಕೂರುವುದು, ಹೆಂಗಾತು ಎಂದು ಕೇಳುವುದು, ಅವರು ಹೇಳಿದ್ದನ್ನು ಕೇಳಿಸಿಕೊಂಡು, ಹೋಗಿಬರ್ತೀನಿ ಎನ್ನದೆ ಸುಮ್ಮನೆ ಎದ್ದು ಬರುವುದು. ಅದೊಂದು ಆಗುವ ತನಕ ಸಾವು ಕಂಡವರ ಎದುರಿಗೆ ಬೇರೆ ಯಾವ ಮಾತಿಗೂ ಹೋಗಬಾರದು. ಹೋದರೆ, ಅವ್ವ ಸತ್ತದ್ದಕ್ಕೆ ಒಂದು ಮಾತು ಕೇಳಲಿಲ್ಲ, ತನ್ನ ಕೆಲಸಕ್ಕೆ ಮಾತ್ರ ಬಂದ ಎಂದಾಗುತ್ತದೆ. ಮಾತಾಡಿಸಲು ಹೋಗದವರು ಸಂತೆಯಲ್ಲಿ ಸಿಕ್ಕರೆ ಓಣಿ ಬದಲಿಸಿ ಹೋಗುವುದನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ಫೋನಿನಲ್ಲಿ ಮಾತಾಡಿಸುವುದು ದೂರದ ಪರಿಚಯದವರಿಗೆ ಸರಿ, ಕೈತುತ್ತು ಉಂಡವರಿಗೆ ಅಲ್ಲ.

ಎಲ್ಲರೂ ಬಂದರು. ಗದಗಿನ ಕಚೇರಿಯವರು, ಓಣಿಯವರು, ಎಂದೋ ಹಾಲು ಹಾಕುತ್ತಿದ್ದವಳೂ ಬಂದಳು. ಫಕ್ಕೀರೇಶ ಬರಲಿಲ್ಲ. ಮೂರು ದಿನ ಕಾದೆ, ಹನ್ನೊಂದು ದಿನ ಕಾದೆ. ಹೊರಗೆ ಬೈಕಿನ ಸದ್ದಾದರೆ ಇವನೇ ಇರಬೇಕು ಎಂದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಗಾಳಿಗಾಲದಲ್ಲಿ ಗುಡ್ಡದವರಿಗೆ ರಜೆ ಇಲ್ಲ, ಕೊರಳಿನ ಗುರುತಿನ ಚೀಟಿ ಗುಡ್ಡದ ಗಡಿ ದಾಟಿದರೆ ಅಲಾರಾಂ ಆಗುತ್ತದೆ, ದಾಟಬೇಕಾದರೆ ಜೋಯಿಸನ ಅಪ್ಪಣೆ ಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕೆಲವರು ಚೀಟಿಯನ್ನು ಕೋಣೆಯಲ್ಲೇ ಬಿಟ್ಟು ಕದ್ದು ಹೋಗಿಬರುತ್ತಾರೆಂಬುದೂ ಗೊತ್ತಿತ್ತು. ಬೇರೆಯವರ ಬಾಣಂತನಕ್ಕೆ, ನಾಮಕರಣಕ್ಕೆ ಕದ್ದು ಹೋಗಬಹುದಾದರೆ ನಮ್ಮವ್ವನಿಗೆ ಯಾಕೆ ಆಗಲಿಲ್ಲ?

ಕೆಲಸಕ್ಕೆ ಮರಳಿದ ಮೊದಲ ಶುಕ್ರವಾರ ತೆರೆಯ ಮೇಲೆ ವಾರದ ಮೀಟಿಂಗು. ಎಲ್ಲರ ಮುಖಗಳೂ ಚೌಕಚೌಕವಾಗಿ ಮೂಡಿದವು. ಫಕ್ಕೀರೇಶನ ಚೌಕ ಕಪ್ಪಗಿತ್ತು, ಹೆಸರು ಮಾತ್ರ ಇತ್ತು. ಕ್ಯಾಮೆರಾ ಆರಿಸಿದ್ದ. ಮೀಟಿಂಗು ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ. ಮುಂದಿನ ಶುಕ್ರವಾರವೂ ಅಷ್ಟೇ. ಮುಖ ತೋರಿಸುವ ಸೌಜನ್ಯವೂ ಇಲ್ಲವಾಯಿತೇ ಎಂದು ನಾನು ಉರಿದುಹೋದೆ. ಆ ಕಪ್ಪು ಚೌಕದ ಹಿಂದೆ ಒಬ್ಬ ಮನುಷ್ಯ ನಾಚಿಕೆಯಿಂದ ಮುದುಡಿ ಕೂತಿದ್ದಾನೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಎದುರಿಗೆ ಕೂತಿದ್ದರೆ ಹೊಳೆಯುತ್ತಿತ್ತು.

ನನ್ನ ಗಂಡ ಮಲ್ಲಿನಾಥನಿಗೆ ಇದು ಹೊಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಅವ್ವನ ಸೀರೆಗಳನ್ನು ಗಂಟು ಕಟ್ಟುತ್ತ ನಾನು ಫಕ್ಕೀರೇಶನನ್ನು ಬೈಯುತ್ತಿದ್ದೆ. ಉಂಡ ಮನೆಯ ಗಳ ಎಣಿಸುವವರು ಇಂಥವರೇ ಎಂದೆ. ಮಲ್ಲಿನಾಥ ಪೇಪರು ಕೆಳಗಿಟ್ಟು ನೋಡಿದ.

"ನೀನೇ ಒಂದು ಫೋನ್ ಮಾಡಿದ್ರ ನಿನ್ನ ಗಂಟೇನು ಹೋಗತೈತಿ? ಏನ್ ತ್ರಾಸ ಐತೋ ಏನೋ ಅವಂಗ."

"ಸತ್ತವರ ಮನಿಯವರು ತಾವೇ ಫೋನ್ ಮಾಡಿ, ನನ್ನ ಮಾತಾಡ್ಸಾಕ ಬಾರಪ್ಪಾ ಅಂತ ಕರೀತಾರೇನು? ಎಲ್ಲ್ಯಾರ ಕಂಡೀರೇನು?" ಎಂದೆ.

ಅವನು ಮತ್ತೆ ಪೇಪರು ಎತ್ತಿಕೊಂಡ. ನಾನು ಹೇಳಿದ್ದು ಸಂಪ್ರದಾಯದ ಪ್ರಕಾರ ಸರಿಯಾಗಿಯೇ ಇತ್ತು. ಸರಿಯಾದ ಮಾತಿನ ಹಿಂದೆ ಅಡಗಿ ಕೂರುವುದು ನನಗೆ ಹೊಸದೇನಲ್ಲ, ನಿಗದಿತ ನಿರ್ವಹಣೆ ಎಂದು ಬರೆದು ಬರೆದು ರೂಢಿಯಾಗಿತ್ತು.

ಆ ಹೊತ್ತಿಗೆ ಗುಡ್ಡದ ಮೇಲೆ ಏನು ನಡೆದಿತ್ತು ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವ್ವ ಹೋದ ನಾಲ್ಕನೆಯ ದಿನ ಫಕ್ಕೀರೇಶ ಜೋಯಿಸನಿಗೆ ಅರ್ಜಿ ಹಾಕಿದ್ದ. ಕಾರಣ ಎಂಬಲ್ಲಿ, ಬಾಯೋರ ತಾಯಿ ತೀರಿಕೊಂಡಾರ, ಮಾತಾಡ್ಸಿ ಬರಬೇಕು, ಎಂದು ಬರೆದಿದ್ದ. ಅಂಕ ಮೂರು. ತೆರೆಯ ಮೂಲಕ ಸಂಪರ್ಕಿಸಬಹುದು ಎಂಬ ಉತ್ತರ. ಒಂಬತ್ತನೆಯ ದಿನ ಮತ್ತೆ ಅದೇ ಕಾರಣ, ಅದೇ ಅಂಕ. ಅಷ್ಟರಲ್ಲಿ ಹದಿನೇಳನೆಯ ಯಂತ್ರ ಸದ್ದು ಮಾಡಲು ಶುರುಮಾಡಿತ್ತು. ಒಂದು ರೆಕ್ಕೆಯ ಬುಡದಲ್ಲಿ, ಸುತ್ತಿಗೊಮ್ಮೆ. ರೆಕ್ಕೆಯನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಒಂದು ಬಿರುಕು ಬಿಟ್ಟರೆ ಪಕ್ಕದ್ದಕ್ಕೆ ಭಾರ ಬೀಳುತ್ತದೆ, ಅದೂ ಬಿರುಕು ಬಿಡುತ್ತದೆ. ನನ್ನ ಗೋಡೆಯ ಮೇಲಿನ ಅಂಕಿ ಹತ್ತು ನಿಮಿಷದ ನಡುಕದ ಸರಾಸರಿ, ಸುತ್ತಿಗೊಮ್ಮೆ ಬರುವ ಒಂದು ಟಕ್ ಅದರಲ್ಲಿ ಕಾಣುವುದಿಲ್ಲ. ಕಿವಿಗೆ ಕೇಳಿಸುತ್ತದೆ.

ಹದಿನೈದನೆಯ ದಿನ ಮೂರನೆಯ ಅರ್ಜಿ. ಆಗಲೂ ಸದ್ದಿನ ವಿಷಯ ಬರೆಯಲಿಲ್ಲ. ಬರೆದಿದ್ದರೆ ಅಂಕ ಸ್ವಲ್ಪ ಏರುತ್ತಿತ್ತೇನೋ. ಆದರೆ ಕೆಲಸದ ನೆವ ಹೇಳಿ ಜೀಪು ಹತ್ತಿಸಿಕೊಂಡು ಬಂದು ಅದೇ ಕಾಲಲ್ಲಿ ಅವ್ವನ ಚಾಪೆಯ ಮೇಲೆ ಕೂರುವುದು ಅವನಿಗೆ ಹೇಸಿಗೆಯೆನಿಸಿತ್ತು. ಮೊದಲು ಮಾತಾಡಿಸುವುದು, ಆಮೇಲೆ ಯಂತ್ರದ ಮಾತು. ಕದ್ದುಬರುವುದು ಅವನ ಜಾಯಮಾನದಲ್ಲಿರಲಿಲ್ಲ. ಅಂಕ ಮತ್ತೆ ಮೂರು. ತಿರಸ್ಕಾರವಾದ ಅರ್ಜಿಗಳು ನನ್ನಂಥ ಮೇಲಿನವರ ಕಣ್ಣಿಗೆ ಬೀಳದಂತೆ ಮಾಡಿದ್ದೂ ನಾವೇ, ವಶೀಲಿ ನಡೆಯಬಾರದೆಂದು.

ಹತ್ತೊಂಬತ್ತನೆಯ ದಿನ ಅವನು ಬೇರೆ ದಾರಿ ಕಾಣದೆ ಸದ್ದಿನ ಬಗ್ಗೆ ಒಂದು ವರದಿ ಬರೆದು ಕಳಿಸಿದ. ಅದು ನನ್ನ ಪಟ್ಟಿಯಲ್ಲಿ ಬಂತು, ಇಪ್ಪತ್ತಮೂರು ವರದಿಗಳ ನಡುವೆ. ಅವನ ಹೆಸರು ಕಂಡೆ. ಅವ್ವ ಸತ್ತಾಗ ಇಲ್ಲದ ಮಾತು ಈಗ ಕೆಲಸಕ್ಕೆ ಬಂತೇನು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತೆರೆದು ಓದಲಿಲ್ಲ. 'ಯಂತ್ರದ ಪರಿಶೀಲನೆಗೆ' ಎಂಬ ಗುಂಡಿ ಒತ್ತಿದೆ. ಕೊಠಡಿಯ ಗಣಕಯಂತ್ರ ಹದಿನೇಳರ ನಡುಕದ ಸರಾಸರಿ ನೋಡಿತು, ಕ್ಷೇಮ ಎಂದಿತು, ವರದಿಯನ್ನು ಮುಚ್ಚಿತು. ಇಷ್ಟಕ್ಕೆಲ್ಲ ಎರಡು ಸೆಕೆಂಡೂ ಹಿಡಿಯಲಿಲ್ಲ.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಎರಡೂವರೆಗೆ ಗೋಡೆಯ ಮೇಲೆ ಹದಿನೇಳನೆಯ ಯಂತ್ರ ಸ್ಥಳೀಯವಾಗಿ ನಿಂತಿದೆ ಎಂದು ತೋರಿಸಿತು. ತಿಂಗಳ ನಲವತ್ತು ನಿಮಿಷವನ್ನು ಯಾರೋ ಬಳಸುತ್ತಿದ್ದಾರೆ ಎಂದುಕೊಂಡೆ. ಫಕ್ಕೀರೇಶ ಒಬ್ಬನೇ ಹತ್ತಿದ್ದ. ಜೋಡಿದಾರ ಜ್ವರದಲ್ಲಿ ಮಲಗಿದ್ದ, ಒಬ್ಬನೇ ಹತ್ತಬಾರದೆಂಬುದು ನಿಯಮ. ಆದರೆ ಆ ಬೋಲ್ಟುಗಳು ಇನ್ನೆಷ್ಟು ದಿನ ತಡೆದಾವು ಎಂಬ ಅಂದಾಜು ಅವನಿಗಿದ್ದಿರಬೇಕು. ನಿಲ್ಲಿಸಿದರೂ ರೆಕ್ಕೆಗೆ ಗಾಳಿ ಬಡಿಯುವುದು ನಿಲ್ಲುವುದಿಲ್ಲ, ಅದು ಆಷಾಢದ ಗಾಳಿ. ಎರಡು ಗಂಟೆ ಐವತ್ತೊಂದು ನಿಮಿಷಕ್ಕೆ ಹದಿನೇಳರ ಎಲ್ಲ ಅಂಕಿಗಳೂ ಒಟ್ಟಿಗೆ ಸೊನ್ನೆಯಾದವು. ತಂತಿ ಕಡಿದಿರಬೇಕು ಎಂದೆ ನಾನು, ಚಹಾ ಕುಡಿಯುತ್ತಿದ್ದೆ. ರೆಕ್ಕೆ ಕಳಚಿ ಕಂಬಕ್ಕೆ ಬಡಿದು, ಕಂಬದ ತುದಿಯ ಯಂತ್ರದ ಗೂಡು ಅವನ ಸಮೇತ ಕೆಳಗೆ ಬಿದ್ದಿತ್ತು.

ಅಂದು ಸಂಜೆ ಆ ವರದಿಯನ್ನು ತೆರೆದೆ. ಅವನು ಮಾತಾಡುವ ಹಾಗೆಯೇ ಬರೆದಿದ್ದ:

"ಹದಿನೇಳರ ಒಂದು ರೆಕ್ಕಿ ಬುಡದಾಗ ಸುತ್ತಿಗೊಮ್ಮೆ ಟಕ್ ಅಂತೈತ್ರಿ. ಬೋಲ್ಟು ಹೋಗ್ಯಾವ ಅಂತ ನನ್ನ ಅಂದಾಜು. ದಯಮಾಡಿ ನಿಲ್ಲಸ್ರಿ. ಖುದ್ದು ಬಂದು ಹೇಳಬೇಕಂದ್ರ ಪರವಾನಗಿ ಸಿಗವಲ್ದು. ಅವ್ವಾರನ್ನ ಕಡೀಕ ನೋಡಾಕ ಆಗಲಿಲ್ಲ, ಮಾತಾಡ್ಸಾಕೂ ಬರಲಿಲ್ಲ. ಯಾವ ಮಾರಿ ಇಟ್ಕೊಂಡು ತೆರಿ ಮ್ಯಾಲ ಬರ್ಲಿ? ತಪ್ಪ ತಿಳಕೋಬ್ಯಾಡ್ರಿ ಬಾಯೋರ."

ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅತ್ತೆ. ಅತ್ತದ್ದನ್ನು ಬರೆಯಲು ನಾಚಿಕೆಯಿಲ್ಲ, ಅದರ ನಂತರ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವನು ಸತ್ತ ಐದನೆಯ ದಿನ ವಿಚಾರಣೆ. ಸತ್ತವನ ಕುರಿತ ವಿಚಾರಣೆಯಾದರೂ ಖುದ್ದಾಗಿ ನಡೆದೀತೆಂದು ಅಂದುಕೊಂಡಿದ್ದೆ. ಜೋಯಿಸ ನಲವತ್ತನಾಲ್ಕು ಅಂಕ ಕೊಟ್ಟಿದ್ದ. ಹಾಗಾಗಿ ತೆರೆಯ ಮೇಲೆ ಐದು ಜನ ಅವರವರ ಮನೆಗಳಿಂದ ಬಂದರು. ಒಬ್ಬರ ಹಿಂದೆ ಕುಕ್ಕರು ಕೂಗುತ್ತಿತ್ತು. ಮೃತರು ಕಳಿಸಿದ ವರದಿ ನಿಮಗೆ ತಲುಪಿತ್ತೇ ಎಂದು ಅಧ್ಯಕ್ಷರು ಕೇಳಿದರು. ನಿಯಮದಂತೆ ಪರಿಶೀಲನೆಗೆ ಕಳಿಸಿದೆ ಎಂದೆ. ನೀವು ಓದಿದಿರಾ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕ್ಯಾಮೆರಾಕ್ಕೆ ಎದೆಯಿಂದ ಮೇಲಷ್ಟೇ ಕಾಣುತ್ತದೆ. ಮೇಜಿನ ಕೆಳಗೆ ನನ್ನ ಕೈಗಳು ಹೇಗೆ ನಡುಗುತ್ತಿದ್ದವು ಎಂಬುದು ಆ ಐವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ದನಿ ಮಾತ್ರ ಸ್ಪಷ್ಟವಾಗಿಯೇ ಇತ್ತು.

ಸುಳ್ಳು ಅಷ್ಟು ಸಲೀಸಾಗಿ ಬಂತು. ಇಪ್ಪತ್ತೆಂಟು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಮೃತರಿಗೆ ತೆರೆಯ ಸೌಲಭ್ಯ ಸದಾ ಇದ್ದರೂ ಬಳಸಲಿಲ್ಲ, ವಾರದ ಮೀಟಿಂಗುಗಳಲ್ಲಿ ಕ್ಯಾಮೆರಾ ಆರಿಸಿಕೊಂಡು ಮೌನವಾಗಿದ್ದರು, ನಿಯಮ ಮೀರಿ ಒಬ್ಬರೇ ಹತ್ತಿದರು, ಆದ್ದರಿಂದ ಅವಘಡಕ್ಕೆ ಅವರ ನಿರ್ಲಕ್ಷ್ಯವೇ ಕಾರಣ. ಕೆಳಗೆ ಐದು ಸಹಿ. ಸಾಕ್ಷಿಯ ಜಾಗದಲ್ಲಿ ನನ್ನದು ಆರನೆಯದು. ಆ ಕಾಗದವನ್ನು ಅವನ ಮನೆಗೂ ಕಳಿಸಿದರು.

ಆಮೇಲೆ ಚಿನ್ಮಯ್ ಕರೆ ಮಾಡಿದ. ಪಾಪ, ನಿದ್ದೆಗೆಟ್ಟ ಮುಖ. ಜೋಯಿಸನಲ್ಲಿ ಹೊಸದೊಂದು ಆಯ್ಕೆ ಸೇರಿಸುತ್ತಿದ್ದೇನೆ ಎಂದ. ಸಹೋದ್ಯೋಗಿಯ ಮನೆಯಲ್ಲಿ ಸಾವಾದರೆ ಮೊದಲ ಹನ್ನೊಂದು ದಿನದೊಳಗೆ ನಲವತ್ತು ನಿಮಿಷದ ಸಾಂತ್ವನ ಭೇಟಿಗೆ ತಾನಾಗಿಯೇ ಅನುಮತಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ. ಸರಿಯಾಗಿದೆಯೇ ಮೇಡಂ, ಅಷ್ಟು ಸಮಯ ಸಾಕೇ ಎಂದು ಕೇಳಿದ. ಅವನಿಗೆ ಏನು ಹೇಳಲಿ? ನಿನ್ನ ಯಂತ್ರ ಸುಳ್ಳು ಹೇಳಲಿಲ್ಲ, ಅದಕ್ಕೆ ಸುಳ್ಳು ಉಣಿಸಿದವಳು ನಾನು ಎಂದು ಹೇಳಬೇಕಿತ್ತು. ಸಾಕು ಎಂದು ಹೇಳಿ ಇಟ್ಟೆ.

ಒಂಬತ್ತನೆಯ ದಿನ ಬೆಳಿಗ್ಗೆ ಕಚೇರಿಗೆ ಹೋಗದೆ ಬಸ್‌ಸ್ಟ್ಯಾಂಡಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಗುಡ್ಡದ ಬುಡದ ಹಳ್ಳಿಗೆ ಗಂಟೆಗೊಂದು ಬಸ್ಸು ಇತ್ತು. ಒಂದು ಗಂಟೆ ಹತ್ತು ನಿಮಿಷದ ದಾರಿ. ಇಷ್ಟೇ ಇತ್ತು ದೂರ.

ಮನೆಯ ಮುಂದೆ ಜನ ಕೂತಿದ್ದರು. ನನ್ನನ್ನು ಕಂಡು ಸರಿದು ದಾರಿ ಬಿಟ್ಟರು. ಒಳಗೆ ಚಾಪೆಯ ಮೇಲೆ ಅವನ ಹೆಂಡತಿ ನಿಂಬವ್ವ ಕೂತಿದ್ದಳು. ನಾನು ಎದುರಿಗೆ ಕೂತೆ. ಹೆಂಗಾತು ಎಂದು ಕೇಳುವುದು ಪದ್ಧತಿ. ಹೇಗಾಯಿತೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅದನ್ನು ಕೇಳುವುದು ಹೇಗೆ? ತಗ್ಗಿದ ದನಿಯಲ್ಲಿ ಅವಳೇ ಮಾತು ತೆಗೆದಳು. ಕಂಪನಿಯ ಕಾಗದ ಬಂದ ದಿನದಿಂದ ಊರಲ್ಲಿ ಬಾಯಿಗೆ ಬಂದಂತೆ ಆಡುತ್ತಿದ್ದಾರಂತೆ. ಕುಡಿದು ಹತ್ತಿದ್ದನಂತೆ, ಯಾರಿಗೂ ಹೇಳದೆ ತನ್ನ ದಿಮಾಕಿಗೆ ಹೋದನಂತೆ, ಇನ್ನೊಬ್ಬರ ಜೀವಕ್ಕೂ ಸಂಚಕಾರ ತರುತ್ತಿದ್ದನಂತೆ. ಅವನ ಅಣ್ಣನೇ ನಿನ್ನೆ, ಹೇಳಬಾರದಾಗಿತ್ತಾ ಅವನು, ಬಾಯಿ ಇರಲಿಲ್ಲವಾ ಎಂದು ಬೈದನಂತೆ.

"ಅವರು ಬರದು ಕಳಿಸ್ಯಾರ," ಎಂದಳು. "ನನ್ನ ಮುಂದನ ಕುಂತು ಬರದಾರ. ಬಾಯೋರು ಓದಿದ್ರ ನಿಲ್ಲಸೇ ನಿಲ್ಲಸ್ತಾರ, ಅವರಿಗೆ ನನ್ನ ಮಾತಂದ್ರ ಗೊತ್ತು, ಅಂತಂದ್ರು. ದಿನಾ ಹೊರಗ ಬಂದು ಅದು ನಿಂತೈತೋ ಇಲ್ಲೋ ನೋಡತಿದ್ರು, ಅದು ತಿರುಗತಾನ ಇತ್ತು. ಒಂದ ಮಾತು ಕೇಳ್ತೀನ್ರಿ. ನೀವು ಓದಿದ್ರ್ಯೋ ಇಲ್ಲೋ?"

ಅವಳ ಮೊಳಕಾಲು ನನ್ನ ಮೊಳಕಾಲಿಗೆ ತಾಗುತ್ತಿತ್ತು. ಅವಳ ಉಸಿರು ಕೇಳಿಸುತ್ತಿತ್ತು. ವಿಚಾರಣೆಯಲ್ಲಿ ಆಡಿದ ಮಾತು ನಾಲಿಗೆಯ ತುದಿಗೆ ಬಂತು, ನಿಯಮದಂತೆ ಪರಿಶೀಲನೆಗೆ ಕಳಿಸಿದೆ ಎಂಬುದು. ಹೊರಗೆ ಬರಲಿಲ್ಲ.

"ಇಲ್ಲ ನಿಂಬವ್ವ," ಎಂದೆ. "ಓದಲಿಲ್ಲ. ಅವ್ವನ್ನ ಮಾತಾಡ್ಸಾಕ ಬರಲಿಲ್ಲಂತ ಸಿಟ್ಟಿಗೆ ಓದಲಿಲ್ಲ. ಓದಿದ್ರ ನಿಲ್ಲಸ್ತಿದ್ದೆ."

ಅವಳು ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲಿಗೆ ಹೋದಳು. ಹೊರಗೆ ಕೂತಿದ್ದವರನ್ನೆಲ್ಲ ಒಳಗೆ ಕರೆದಳು. ಅವನ ಅಣ್ಣನನ್ನು ಹೆಸರು ಹಿಡಿದು ಕರೆದಳು, ಬೀದಿಯಾಚೆಯ ಅಂಗಡಿಯವನನ್ನೂ ಕರೆಸಿದಳು. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಇಬ್ಬರು ಎತ್ತಿಕೊಂಡು ಬಂದು ಗೋಡೆಗೆ ಆನಿಸಿ ಕೂರಿಸಿದರು. ಇಪ್ಪತ್ತು ಜನವಾದರು, ಮೂವತ್ತಾದರು, ಹಿಂದಿನವರು ಹೊಸ್ತಿಲಲ್ಲಿ ನಿಂತರು.

"ಕುಂತು ಹೇಳಿದ್ರ ಹಿಂದಿನವರಿಗೆ ಕೇಳಂಗಿಲ್ಲ," ಎಂದಳು ನಿಂಬವ್ವ. "ಎದ್ದು ನಿಂತು ಹೇಳ್ರಿ."

ನಾನು ಎದ್ದು ನಿಂತೆ. ಎಲ್ಲರ ಕಣ್ಣುಗಳೂ ನನ್ನ ಮೇಲಿದ್ದವು, ನನ್ನ ಕೈಗಳು ನಡುಗುವುದೂ ಎಲ್ಲರಿಗೂ ಕಾಣುತ್ತಿತ್ತು. ಅವನು ಹೇಳಿದ್ದ, ನಾನು ಓದಲಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಮುದುಕಿಗೆ ಕಿವಿ ಮಂದ. ಏನಂದಳು ಈಕಿ ಎಂದು ಕೇಳಿದಳು. ಜೋರಾಗಿ ಇನ್ನೊಮ್ಮೆ ಹೇಳಿದೆ.